ಕಿವಿ ತೆರೆಯುವ ಮೊದಲೇ ಮಿಡಿಯುವ ನರ

ಅಟ್ಟದಲ್ಲಿ ಬೆಕ್ಕು ಮರಿ ಹಾಕಿ ಎರಡು ದಿನವಾಗಿರುವುದಿಲ್ಲ, "ಇದಕ್ಕೆ ಕಿವಿಯ ತೂತೇ ಇಲ್ಲ" ಎಂದು ಬೆಚ್ಚಗಿನ ತೆಂಗಿನೆಣ್ಣೆ ಬಿಡಲು ಹೊರಡುವವರಿದ್ದಾರೆ. ಬೇಡ. ಬೆಕ್ಕಿನ ಮರಿಯ ಕಿವಿನಾಳ ಮುಚ್ಚಿಯೇ ಹುಟ್ಟುತ್ತದೆ, ತೆರೆಯಲು 1–2 ವಾರ ಬೇಕು. ನಾಯಿಮರಿಗೆ ಸುಮಾರು 2 ವಾರ, ಇಲಿಮರಿಗೆ 12 ದಿನ. ಹಟ್ಟಿಯಲ್ಲಿ ಹುಟ್ಟಿದ ಕಾಸರಗೋಡು ಗಿಡ್ಡದ ಕರು ಮಾತ್ರ ಮೊದಲ ದಿನವೇ ತಾಯಿಯ ಕೂಗಿಗೆ ಕಿವಿ ನಿಮಿರಿಸುತ್ತದೆ. ಈ ಹಂತವನ್ನು ಅದು ಹೊಟ್ಟೆಯೊಳಗೇ ಮುಗಿಸಿ ಬಂದಿದೆ.

ಕಿವಿ ಮುಚ್ಚಿದ್ದರೆ ನರವೂ ಸುಮ್ಮನಿರಬೇಕಲ್ಲ? ಇರುವುದಿಲ್ಲ. ಒಳಕಿವಿಯ ಶಂಖದಂಥ ಸುರುಳಿಯಾದ ಕಾಕ್ಲಿಯಾದಲ್ಲಿ, ಸದ್ದನ್ನು ನರಸಂಕೇತವಾಗಿಸುವ ರೋಮಕೋಶಗಳ ಪಕ್ಕ ಕೋಲಿಕರ್ ಅಂಗವೆಂಬ ತಾತ್ಕಾಲಿಕ ಕೋಶಗಳ ದಿಬ್ಬವಿದೆ. ಆ ಕೋಶಗಳು ಆಗಾಗ ಎಟಿಪಿಯನ್ನು ಹೊರಬಿಡುತ್ತವೆಂದು 2007ರಲ್ಲಿ ವಿಜ್ಞಾನಿಗಳಾದ ಟ್ರಿಟ್ಶ್, ಬರ್ಗಲ್ಸ್ ಮತ್ತು ಜೊತೆಗಾರರು ಎಳೆ ಇಲಿಗಳಲ್ಲಿ ತೋರಿಸಿದರು. ಕೋಶದೊಳಗೆ ಇಂಧನವಾಗಿರುವ ಎಟಿಪಿ ಹೊರಗೆ ಬಂದರೆ ಸಂದೇಶ. ಅದು ತಾಗಿದ ಕೋಶದಿಂದ ಕ್ಲೋರೈಡ್ ಹೊರಹರಿಯುತ್ತದೆ, ಅದರ ಬೆನ್ನಿಗೇ ಪೊಟ್ಯಾಸಿಯಂ. ಹೊರಗೆ ಸೇರಿದ ಪೊಟ್ಯಾಸಿಯಂ ರೋಮಕೋಶವನ್ನು ಕೆರಳಿಸುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ನರಕ್ಕೆ ಸುದ್ದಿ ಮುಟ್ಟಿಸುವ ಗ್ಲುಟಮೇಟ್ ಸುರಿಯುತ್ತದೆ, ನರ ಸರಸರನೆ ಮಿಡಿಯುತ್ತದೆ. ಹೊರಗೆ ಒಂದು ಸದ್ದೂ ಇಲ್ಲ! ಯಕ್ಷಗಾನದ ಆಟ ಶುರುವಾಗುವ ಮುಂಚೆ ಚೌಕಿಯಲ್ಲಿ ಚೆಂಡೆಯ ಬಿಗಿ ಸರಿಮಾಡಿಕೊಂಡ ಹಾಗೆ.

ಇದರ ಲಾಭವೇನೆಂದರೆ, ಅಕ್ಕಪಕ್ಕದ ರೋಮಕೋಶಗಳು ಒಟ್ಟಿಗೆ ಮಿಡಿಯುತ್ತವೆ. ಅಕ್ಕಪಕ್ಕದವೆಂದರೆ ಹೆಚ್ಚುಕಡಿಮೆ ಒಂದೇ ಸ್ವರದವು. ಒಟ್ಟಿಗೆ ಮಿಡಿದ ತಂತುಗಳು ಮಿದುಳಿನಲ್ಲಿ ಒಂದೇ ಕಡೆ ನೆಲೆಯಾಗುತ್ತವೆ, ದಾರಿ ತಪ್ಪಿದ ಕೊಂಡಿಗಳು ಉದುರುತ್ತವೆ. ಕಿವಿ ತೆರೆಯುವ ಹೊತ್ತಿಗೆ ಸ್ವರಗಳ ನಕ್ಷೆಯ ಕರಡು ಸಿದ್ಧ. ಕೋಲಿಕರ್ ಅಂಗ ಕರಗಿಹೋಗುತ್ತದೆ.

ತೆರೆದ ಮೇಲೂ ಕೆಲಸ ಬಾಕಿ. ನಡುಕಿವಿಯ ಎಳೆ ಅಂಗಾಂಶ ಕರಗಿ ಗಾಳಿ ತುಂಬಬೇಕು, ನರಗಳಿಗೆ ಸಂಕೇತವನ್ನು ಬೇಗ ಸಾಗಿಸುವ ಮಯಲಿನ್ ಹೊದಿಕೆ ಬರಬೇಕು. ಹುಟ್ಟುಕಿವುಡಿನ ಬಿಳಿ ಬೆಕ್ಕುಗಳಲ್ಲಿ ಒಳಕಿವಿ ನಶಿಸುವುದೂ ಈ ಮೊದಲ ವಾರಗಳಲ್ಲೇ. ನಾಯಿಮರಿಯ ಶ್ರವಣ ಪರೀಕ್ಷೆಗೆ ಸುಮಾರು 5 ವಾರ ಕಾಯುವುದು ಅದಕ್ಕೇ.

ಮನುಷ್ಯರ ಮಗು ಗರ್ಭದಲ್ಲೇ, ಸುಮಾರು 25ನೇ ವಾರದ ಹೊತ್ತಿಗೆ ಕೇಳಲು ತೊಡಗುತ್ತದೆ. ಹಾಗಾಗಿ "ಇನ್ನೂ ಕಿವಿ ಬಲಿತಿಲ್ಲ, ಮಾತು ತಡವಾಗಿ ಬರುತ್ತದೆ" ಎನ್ನುವ ಸಮಾಧಾನಕ್ಕೆ ಬೆಲೆಯಿಲ್ಲ. ಬಟ್ಟಲು ಬಡಿದು ನೋಡುವುದಂತೂ ಶುದ್ಧ ಮೋಸ: ಅದುರುವಿಕೆಗೆ, ಉಳಿದಿರುವ ಅಲ್ಪ ಶ್ರವಣಕ್ಕೆ ಮಗು ಬೆಚ್ಚಬಹುದು, ಆದರೂ ಸ, ಶ ಕೇಳದಿರಬಹುದು. 1 ತಿಂಗಳೊಳಗೆ ಓಎಇ ತಪಾಸಣೆ (ಒಳಕಿವಿಯ ಮರುದನಿ ಅಳೆಯುವುದು), ಅದರಲ್ಲಿ ಪಾಸಾಗದಿದ್ದರೆ 3 ತಿಂಗಳೊಳಗೆ ಬೆರಾ ಪರೀಕ್ಷೆ (ಸದ್ದಿಗೆ ಕಿವಿನರ, ಮಿದುಳುಕಾಂಡ ಸ್ಪಂದಿಸುವುದನ್ನು ಅಳೆಯುವುದು), 6 ತಿಂಗಳೊಳಗೆ ಶ್ರವಣಯಂತ್ರ. ಅದೂ ಸಾಲದಿದ್ದರೆ ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್. ಮೂರೂವರೆ ವರ್ಷದೊಳಗೆ ಹಾಕಿದರೆ ಮಿದುಳಿನ ಸ್ಪಂದನ ಸಾಮಾನ್ಯವಾಗಿ ಸರಿದೂಗುತ್ತದೆ, 7 ದಾಟಿದರೆ ಹೆಚ್ಚಿನ ಮಕ್ಕಳಲ್ಲಿ ಇಲ್ಲ. ಇಂಪ್ಲಾಂಟ್ ಹಾಕಿಸಲು ನೆರವಾಗುವ ಕೇರಳ ಸರ್ಕಾರದ ಶ್ರುತಿತರಂಗಂ ಯೋಜನೆ 5 ವರ್ಷದೊಳಗಿನ ಮಕ್ಕಳಿಗಿದೆ. ಆ ಮಿತಿಯ ತನಕ ಕಾಯದೆ, ಕಿವುಡು ಖಚಿತವಾದ ಕೂಡಲೇ ಅರ್ಜಿ ಹಾಕಬೇಕು.