ಎರಡು ವರ್ಷದ ಮಗುವಿನ ಮುಖದ ಚುಕ್ಕೆಗಳು

ಮಗುವಿಗೆ ಇನ್ನೂ ಎರಡು ತುಂಬಿರಲಿಲ್ಲ. ಮುಖ, ಕತ್ತು, ಕೈಗಳ ಮೇಲೆಲ್ಲ ಕಂದು ಚುಕ್ಕೆಗಳು. ಬಿಸಿಲು ಕಂಡರೆ ಕಣ್ಣು ಮುಚ್ಚಿಕೊಂಡು ಅಳುತ್ತಿತ್ತು. ‘ಸುಮ್ನೆ ಮಚ್ಚೆ ಇರಬಹುದು ಅಂದ್ಕೊಂಡ್ವಿ ಡಾಕ್ಟ್ರೇ’ ಎಂದರು ತಾಯಿ. ಅಂಗಿ ಮುಚ್ಚಿದ ಹೊಟ್ಟೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಸಂಬಂಧದಲ್ಲೇ ಮದುವೆಯೇ ಎಂದು ಕೇಳಿದೆ. ಹೌದು, ಸೋದರಮಾವನನ್ನೇ ಮದುವೆಯಾಗಿದ್ದರು.

ಈ ಕಾಯಿಲೆಯ ಹೆಸರು ಜೀರೋಡರ್ಮಾ ಪಿಗ್ಮೆಂಟೋಸಮ್. ನಾವು ಎಕ್ಸ್‌ಪಿ ಎನ್ನುತ್ತೇವೆ. ತುಂಬಾ ಅಪರೂಪ.

ಡಿಎನ್‌ಎ ಅಂದರೆ ಜೀವಕೋಶದೊಳಗಿನ ಜೋಡಿ ಎಳೆ. ಪ್ರತಿ ಎಳೆಯೂ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ‘ಅಕ್ಷರ’ಗಳ ಸಾಲು. ಒಂದು ಎಳೆಯಲ್ಲಿ ಎರಡು ‘ಟಿ’ ಅಕ್ಷರಗಳು ಪಕ್ಕಪಕ್ಕ ಇರುವ ಕಡೆ ಬಿಸಿಲಿನ ನೇರಳಾತೀತ ಕಿರಣ ತಾಗಿದರೆ, ಅವು ಒಂದಕ್ಕೊಂದು ಅಂಟಿಕೊಳ್ಳಬಹುದು. ಎಳೆ ಅಲ್ಲಿ ಸೊಟ್ಟಗಾಗುತ್ತದೆ. ನಾವು ಬಿಸಿಲಲ್ಲಿ ಬಸ್ಸಿಗೆ ಕಾಯುವಾಗಲೂ ಇದು ಆಗುತ್ತಲೇ ಇರುತ್ತದೆ. ಆದರೂ ಆರಾಮಾಗಿದ್ದೇವೆ, ಅಲ್ವಾ? ಜೀವಕೋಶ ಅದನ್ನು ರಿಪೇರಿ ಮಾಡುತ್ತದೆ. ಒಂದು ಪ್ರೋಟೀನ್ ಸೊಟ್ಟಗಾದ ಜಾಗ ಹುಡುಕುತ್ತದೆ. ಬೇರೆ ಕೆಲವು ಪ್ರೋಟೀನುಗಳು ಅಲ್ಲಿ ಎರಡೂ ಎಳೆಗಳನ್ನು ಬಿಡಿಸಿ ಹಿಡಿಯುತ್ತವೆ. ಇನ್ನೆರಡು ಆಚೆಗೊಂದು ಈಚೆಗೊಂದು ಕತ್ತರಿ ಹಾಕಿ, ಸುಮಾರು 30 ಅಕ್ಷರಗಳ ತುಂಡನ್ನು ತೆಗೆಯುತ್ತವೆ. ಎದುರಿನ ಎಳೆ ನೆಟ್ಟಗಿರುತ್ತದೆ. ಅದನ್ನು ನೋಡಿಕೊಂಡು ಹೊಸ ತುಂಡು ತುಂಬುತ್ತದೆ, ಸೀರೆಗೆ ರಫು ಹಾಕಿದ ಹಾಗೆ. ಈ ಕೆಲಸ ಹೇಗೆ ನಡೆಯುತ್ತದೆ ಎಂದು ಬಿಡಿಸಿ ತೋರಿಸಿದ ವಿಜ್ಞಾನಿ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

ಎಕ್ಸ್‌ಪಿ ರೋಗಿಗಳ ಜೀವಕೋಶಗಳಲ್ಲಿ ಈ ರಿಪೇರಿ ಸರಿಯಾಗಿ ಆಗುವುದಿಲ್ಲ ಎಂದು ವಿಜ್ಞಾನಿ ಜೇಮ್ಸ್ ಕ್ಲೀವರ್ 1968ರಲ್ಲೇ ತೋರಿಸಿದ್ದರು. ರಿಪೇರಿಯಾಗದ ಎಳೆಯನ್ನೇ ಜೀವಕೋಶ ನಕಲು ಮಾಡಿದರೆ ತಪ್ಪು ಅಕ್ಷರ ಸೇರುತ್ತದೆ. ಆ ತಪ್ಪು ಪಿ53ನಂಥ ಕಾವಲು ಜೀನಿನಲ್ಲಿ ಬಿದ್ದರೆ, ಜೀವಕೋಶ ಅಂಕೆ ಮೀರಿ ಬೆಳೆಯುವ ದಾರಿ ಹಿಡಿಯುತ್ತದೆ. ಈ ಮಕ್ಕಳಿಗೆ ಹತ್ತು ವರ್ಷದೊಳಗೇ ಚರ್ಮದ ಕ್ಯಾನ್ಸರ್ ಬಂದುಬಿಡಬಹುದು.

ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಜೀನಿನ ಒಂದೊಂದು ಪ್ರತಿ ಇರುತ್ತದೆ. ಅವರಿಗೆ ಕಾಯಿಲೆ ಇರುವುದಿಲ್ಲ. ಎರಡೂ ಮಗುವಿಗೆ ಬಂದರೆ ಮಾತ್ರ ತೊಂದರೆ. ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೆತನದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಅದೇ ಜೀನು ಇರುವ ಸಂಭವ ಜಾಸ್ತಿ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಜೊತೆಗೆ ಬಂದಿದ್ದ ಅಜ್ಜಿಯ ಎದುರಿಗೇ ಇದನ್ನು ಎರಡು ಸಲ ಹೇಳಿದೆ.

ವಾಸಿ ಮಾಡುವ ಮದ್ದಿಲ್ಲ. ಬಿಸಿಲು ತಾಗದಂತೆ ಕಾಯುವುದೇ ಚಿಕಿತ್ಸೆ. ತುಂಬುತೋಳಿನ ಅಂಗಿ, ಅಗಲ ಟೋಪಿ, ಕಣ್ಣಿಗೆ ಕನ್ನಡಕ, ಸನ್‌ಸ್ಕ್ರೀನ್. ಬಿಸಿಲು ತಪ್ಪಿಸಿದಾಗ ಕಡಿಮೆಯಾಗುವ ವಿಟಮಿನ್ ಡಿಗೆ ಔಷಧ. ಕೆಲವು ತಿಂಗಳಿಗೊಮ್ಮೆ ಇಡೀ ಚರ್ಮದ ತಪಾಸಣೆ.

‘ಮುಂದೆ ಸ್ಕೂಲಿಗೆ ಕಳಿಸಬಹುದಾ?’ ಎಂದು ತಾಯಿ ಕೇಳಿದರು.

‘ಖಂಡಿತ ಕಳಿಸಿ ಅಮ್ಮಾ. ಕಿಟಕಿ ಪಕ್ಕ ಮಾತ್ರ ಕೂರಿಸಬಾರದು. ಗಾಜು ಮುಚ್ಚಿದ್ದರೂ ಕಿರಣ ಸ್ವಲ್ಪ ಒಳಗೆ ಬರುತ್ತದೆ. ಟೀಚರಿಗೆ ನಾನೇ ಚೀಟಿ ಬರೆದುಕೊಡುತ್ತೇನೆ.’