ಬಫ್ ಮಾಡಿಸಿದ ಎಂಜಿನ್ ಕವರಿಗೆ ಲ್ಯಾಕರ್ ಹೊಡೆಸಬಹುದೇ?

ಪ್ರಶ್ನೆ: “ಸರ್, ನಮ್ಮ ತಂದೆಯವರ ಹಳೆ ಯೆಜ್ಡಿ ಬೈಕ್ ರೆಡಿ ಮಾಡಿಸ್ತಾ ಇದ್ದೀನಿ. ಎಂಜಿನ್ ಕವರ್ ಎರಡೂ ಬಫಿಂಗ್ ಆಗಿ ಬಂದಿವೆ, ಕನ್ನಡಿ ಥರ ಹೊಳೀತಿವೆ. ಮಳೆಗಾಲಕ್ಕೆ ಮುಂಚೆ ಮೇಲೊಂದು ಕೋಟ್ ಕ್ಲಿಯರ್ ಲ್ಯಾಕರ್, ಅದೇ ಆ ಪಾರದರ್ಶಕ ಪೇಂಟು, ಹೊಡೆಸಿಬಿಟ್ರೆ ಹೊಳಪು ಹಾಗೇ ಉಳಿಯುತ್ತೆ ಅಲ್ವಾ?”

ಉಳಿಯುವುದಿಲ್ಲ. ಹೊಡೆಸಬೇಡಿ.

ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ಅರ್ಧ ಗಂಟೆ ಕೂತು ವಿವರಿಸುತ್ತೇನೆ, “ಆಯ್ತು ಸರ್” ಅನ್ನುತ್ತಾರೆ, ಎರಡು ವಾರ ಕಳೆದ ಮೇಲೆ ಲ್ಯಾಕರ್ ಹೊಡೆಸಿದ ಫೋಟೊ ಬರುತ್ತದೆ. ಅದಕ್ಕೇ ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಯೆಜ್ಡಿ, ಜಾವಾ ಎಂಜಿನ್ನುಗಳ ಕೇಸು, ಕವರು ಅಲ್ಯುಮಿನಿಯಂ ಎರಕ. ಅಲ್ಯುಮಿನಿಯಂ ಕಬ್ಬಿಣದ ಹಾಗಲ್ಲ. ಕಬ್ಬಿಣದ ತುಕ್ಕು ಹಕ್ಕಳೆಯಾಗಿ ಉದುರುತ್ತ ಒಳಗಿನ ಲೋಹವನ್ನು ಮತ್ತೆ ಮತ್ತೆ ಗಾಳಿಗೆ ಒಡ್ಡುತ್ತದೆ. ಅಲ್ಯುಮಿನಿಯಂ ಮೇಲಾದರೋ ಗಾಳಿ ತಾಗಿದ ಕೂಡಲೇ ಆಕ್ಸೈಡಿನ ತೆಳು ಪೊರೆ ಹುಟ್ಟಿಕೊಳ್ಳುತ್ತದೆ, ಬರೀ ಕೆಲವು ನ್ಯಾನೊಮೀಟರ್ ದಪ್ಪ. ಪೊರೆ ಪಾರದರ್ಶಕ, ಲೋಹಕ್ಕೆ ಬಿಗಿಯಾಗಿ ಅಂಟಿರುತ್ತದೆ, ಗೀಚಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಅದನ್ನು ಭೇದಿಸುವ ವೈರಿಗಳು ಮೂರು: ಉಪ್ಪು, ಹುಳಿ, ಕ್ಷಾರ. ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಳಿ ಸಾರು ರಾತ್ರಿಯೆಲ್ಲ ಬಿಟ್ಟರೆ ತಳದಲ್ಲಿ ಸೂಜಿಮೊನೆಯಷ್ಟು ಗುಂಡಿಗಳು ಬೀಳುವುದನ್ನು ಅಡುಗೆ ಮಾಡುವವರೆಲ್ಲ ನೋಡಿದ್ದಾರೆ. ಎಂಜಿನ್ ಮೇಲೆ ಆಗುವುದೂ ಅದೇ. ಮೈಸೂರಿನಲ್ಲಿ ವರ್ಷವಾದರೂ ಬರೀ ಮಬ್ಬಾಗುವ ಕವರು, ಉಡುಪಿ-ಮಂಗಳೂರಿನ ಉಪ್ಪುಗಾಳಿಯಲ್ಲಿ ಒಂದೇ ಮಳೆಗಾಲಕ್ಕೆ ಬಿಳಿ ಬೂಸ್ಟು ಹಿಡಿದು ಕೂರುವುದು ಇದೇ ಕಾರಣಕ್ಕೆ.

“ಹಾಗಾದ್ರೆ ಗಾಳಿ, ನೀರು ತಾಗದ ಹಾಗೆ ಮುಚ್ಚಿಬಿಟ್ಟರೆ ಮುಗೀತಲ್ಲ?” ಅನ್ನುತ್ತೀರಿ. ಸರಿಯಾದ ಮಾತೇ, ಪೂರ್ತಿ ಮುಚ್ಚಲು ಸಾಧ್ಯವಿದ್ದರೆ.

ಪೇಂಟರ್ ಟ್ಯಾಂಕಿಗೆ ಬಣ್ಣ ಹೊಡೆಯುವ ಮುಂಚೆ ಏನು ಮಾಡುತ್ತಾನೆ ನೋಡಿ. ವಾಟರ್ ಪೇಪರ್ ಹಾಕಿ ತಿಕ್ಕಿ ಮೈಯನ್ನು ಒರಟು ಮಾಡುತ್ತಾನೆ. ಬಣ್ಣಕ್ಕೆ ಹಿಡಿತ ಸಿಗುವುದು ಆ ಒರಟಿನಲ್ಲಿ. ನೀವಾದರೋ ಒರಟೆಲ್ಲ ಹೋಗಲಿ ಎಂದೇ ಬಫಿಂಗ್ ಮಾಡಿಸಿದ್ದೀರಿ. ಆ ನುಣುಪಿನ ಮೇಲೆ, ಅದೂ ಬಫಿಂಗ್ ಸೋಪಿನ ಜಿಡ್ಡು ಸಂದಿಗಳಲ್ಲಿ ಉಳಿದಿರುವಾಗ, ಲ್ಯಾಕರ್ ಹಿಡಿದು ನಿಲ್ಲುವುದು ಯಾವ ಆಸರೆಯಿಂದ? ಇನ್ನು ಕವರಿನ ಅಂಚು, ಸ್ಕ್ರೂ ಕೂರುವ ತೂತಿನ ಬಾಯಿ. ಚೂಪಾದ ಅಂಚಿನಲ್ಲಿ ಯಾವ ಬಣ್ಣವೂ ತೆಳುವಾಗಿಯೇ ನಿಲ್ಲುತ್ತದೆ. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ, ಅದಿರುವುದು ಎಡಗಡೆ. ಪ್ರತಿ ಕಿಕ್ಕಿಗೆ, ಪ್ರತಿ ಗೇರಿಗೆ ನಿಮ್ಮ ಚಪ್ಪಲಿಯೋ ಬೂಟೋ ಆ ಕವರನ್ನು ಸವರುತ್ತದೆ. ಜೊತೆಗೆ ಕಾರ್ಬೊರೇಟರಿನಿಂದ ತೊಟ್ಟಿಕ್ಕುವ ಆಯಿಲ್ ಬೆರೆತ ಪೆಟ್ರೋಲ್ ಬೇರೆ. ಸ್ಪ್ರೇ ಡಬ್ಬಿಯ ಅಕ್ರಿಲಿಕ್ ಲ್ಯಾಕರ್ ಪೆಟ್ರೋಲಿಗೆ ಮೆತ್ತಗಾಗುತ್ತದೆ. ಎಂಜಿನ್ನಿನ ನೆತ್ತಿಯಲ್ಲಿರುವ ಹೆಡ್ ಮೇಲಂತೂ ಬಿಸಿ 150 ಡಿಗ್ರಿ ದಾಟುತ್ತದೆ, ಅಲ್ಲಿ ಅದು ಹಳದಿಯಾಗಿ ಸುಲಿಯುತ್ತದೆ.

ಹೀಗೆ ಒಂದು ಕಡೆ, ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು. ನೀರು ಒಳಗೆ ಇಳಿಯುತ್ತದೆ. ಒಳಗೆ ಹೋದದ್ದು ಬಿಸಿಲಿಗೆ ಬೇಗ ಆರುವುದಿಲ್ಲ, ಬಟ್ಟೆಯಲ್ಲಿ ಒರೆಸಲೂ ಬರುವುದಿಲ್ಲ. ಅಲ್ಲಿಂದ ಲ್ಯಾಕರಿನ ಅಡಿಯಲ್ಲೇ ಬಿಳಿ ಎಳೆಗಳು ಹೊರಡುತ್ತವೆ, ಗೋಡೆಯ ಮೇಲೆ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಹೋದ ಹಾಗೆ.

ಕೆಲವು ವರ್ಷಗಳ ಹಿಂದೆ ಕರಾವಳಿಯಿಂದ ಒಬ್ಬರು ನನ್ನ ಹತ್ತಿರ ತಂದ ಎಡ ಕವರು ಇನ್ನೂ ಕಣ್ಣ ಮುಂದಿದೆ. ಒಂದೇ ಮಳೆಗಾಲ ಕಂಡ ಲ್ಯಾಕರ್. ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿರ ಹಿಡಿದರೆ ಪ್ರತಿ ಸ್ಕ್ರೂ ಸುತ್ತಲೂ ಜೇಡನ ಕಾಲಿನ ಹಾಗೆ ಬಿಳಿ ಗೆರೆ. ಉಗುರು ಹಾಕಿದೆ, ಲ್ಯಾಕರ್ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಬಿಳಿ ಪುಡಿ, ಪುಡಿಯ ಕೆಳಗೆ ಗುಂಡಿ. ಲ್ಯಾಕರ್ ಇಲ್ಲದಿದ್ದರೆ ಕಾಲು ಗಂಟೆ ಪಾಲಿಶ್ ತಿಕ್ಕಿದ್ದರೆ ಮುಗಿಯುತ್ತಿತ್ತು. ಈಗ ಪೇಂಟ್ ರಿಮೂವರ್ ಹಾಕಿ ಎಲ್ಲ ತೆಗೆದು, ಎಮರಿಯಿಂದ ಗುಂಡಿ ಸವೆಸಿ, ಮತ್ತೆ ಬಫಿಂಗ್. ಸವೆದ ಲೋಹ ವಾಪಸ್ ಬರುವುದಿಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನಿಂತದ್ದು 1996ರಲ್ಲಿ. ನಿಮ್ಮ ತಂದೆಯವರ ಗಾಡಿಗೆ ಆ ಕಾರ್ಖಾನೆಯಿಂದ ಬಂದ ಕವರು ಇರುವುದು ಆ ಎರಡೇ. ಉಬ್ಬಿದ ಅಕ್ಷರಗಳಿರುವ ಕವರಾದರೆ ಪ್ರತಿ ಬಫಿಂಗಿಗೂ ಆ ಅಕ್ಷರ ಮೊಂಡಾಗುತ್ತ ಹೋಗುತ್ತದೆ.

“ಹೊಸ ಬೈಕುಗಳಿಗೆ ಕಂಪನಿಯವರೇ ಕ್ಲಿಯರ್ ಕೋಟ್ ಹಾಕಿರ್ತಾರಲ್ಲ?” ಇದೂ ಪ್ರತಿ ಸಲ ಬರುವ ಮಾತು. ಹಾಕಿರುತ್ತಾರೆ. ಅದಕ್ಕೆ ಮುಂಚೆ ಲೋಹವನ್ನು ರಾಸಾಯನಿಕದಲ್ಲಿ ತೊಳೆದು, ಬಣ್ಣ ಹಿಡಿಯುವಂಥ ಪದರ ಕೂರಿಸಿ, ಆಮೇಲೆ ಓವನ್‌ನಲ್ಲಿ ಬೇಯಿಸಿರುತ್ತಾರೆ. ಅದು ಸ್ಪ್ರೇ ಡಬ್ಬಿಯ ಕೆಲಸವಲ್ಲ. ಇಷ್ಟಾದರೂ ಹತ್ತು ವರ್ಷದ ಯಾವುದಾದರೂ ಬೈಕಿನ ಬೋಲ್ಟ್ ತಲೆಗಳ ಸುತ್ತ ಬಗ್ಗಿ ನೋಡಿ. ಬಹಳಷ್ಟರಲ್ಲಿ ಅದೇ ಬಿಳಿ ಗೆರೆ ಕಾಣುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ವ್ಯಾಕ್ಸ್ ಹಚ್ಚಿ. ಗಾಡಿಯ ಬಾಡಿಗೆ ಹಾಕುವ ಮಾಮೂಲಿ ಕಾರ್ನೌಬ ವ್ಯಾಕ್ಸ್ ಸಾಕು. ಎಂಜಿನ್ ತಣ್ಣಗಿರುವಾಗ ಶಾಂಪೂ ನೀರಿನಲ್ಲಿ ತೊಳೆದು, ಒರೆಸಿ, ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡಿ. ಸಂದಿಯ ನೀರು ಆರುತ್ತದೆ. ಮತ್ತೆ ತಣ್ಣಗಾದ ಮೇಲೆ ಹಳೆ ಬನಿಯನ್ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಮಬ್ಬಾಗಿ ಆರಿದ ಮೇಲೆ ತಿಕ್ಕಿ. ಕಾರ್ನೌಬ ಕರಗುವುದು ಸುಮಾರು 82 ಡಿಗ್ರಿಗೆ, ಆದ್ದರಿಂದ ಹೆಡ್ಡಿಗೆ ಹಚ್ಚಿ ಪ್ರಯೋಜನವಿಲ್ಲ. ಕವರುಗಳ ಮೇಲೆ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಕರಾವಳಿಯವರು ಹದಿನೈದು ದಿನಕ್ಕೊಮ್ಮೆ. ಮಬ್ಬು ಬಂದರೆ ಮೊದಲು ಮೆಟಲ್ ಪಾಲಿಶ್, ಆಮೇಲೆ ವ್ಯಾಕ್ಸ್. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹೊಲಿಗೆ ಮೆಷಿನ್ ಎಣ್ಣೆಯನ್ನು ಬಟ್ಟೆಗೆ ಹಾಕಿ ತೆಳುವಾಗಿ ಸವರಿಡಿ. ವಾಟರ್ ಸರ್ವಿಸಿನಲ್ಲಿ ಆಸಿಡ್ಡೋ ಕಾಸ್ಟಿಕ್ ಸೋಡವೋ ಕಲಸಿದ ನೀರು ಹೊಡೆಯಲು ಬಂದರೆ ಅಲ್ಲೇ ತಡೆಯಿರಿ. ಡೀಸೆಲ್ ವಾಶ್ ಕೂಡ ಬೇಡ, ಧೂಳು ಅಂಟುತ್ತದೆ, ರಬ್ಬರ್ ಉಬ್ಬುತ್ತದೆ.

ಬ್ಯಾರೆಲ್ (ಪಿಸ್ಟನ್ ಓಡಾಡುವ ಸಿಲಿಂಡರ್) ಮಾತು ಬೇರೆ. ಯೆಜ್ಡಿಯದಾಗಲಿ ಹಳೆ ಬುಲೆಟ್ಟಿನದಾಗಲಿ, ಅದು ಬೀಡುಕಬ್ಬಿಣ. ಅದಕ್ಕೆ ಬಿಸಿ ತಡೆಯುವ ಬಣ್ಣ ಬೇಕೇ ಬೇಕು. ತೆಳ್ಳಗಿರಲಿ, ದಪ್ಪಗೆ ಬಳಿದರೆ ಫಿನ್ನುಗಳ (ಸುತ್ತಲಿನ ರೆಕ್ಕೆಗಳ) ಬಿಸಿ ಹೊರಗೆ ಹೋಗುವುದಕ್ಕೆ ಅಡ್ಡಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬಫಿಂಗ್ ಮಾಡಿಸಿದವರು ಸಾಮಾನ್ಯವಾಗಿ ಹಳೆ ಸ್ಕ್ರೂ ತೆಗೆದು ಸ್ಟೀಲ್ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು) ಹಾಕಿಸುತ್ತಾರೆ, ಸ್ಟೇನ್‌ಲೆಸ್ಸು. ನೋಡಲು ಚೆಂದ, ತುಕ್ಕೂ ಇಲ್ಲ. ಆದರೆ ಸ್ಟೇನ್‌ಲೆಸ್ಸೂ ಅಲ್ಯುಮಿನಿಯಮ್ಮೂ ಒಂದಕ್ಕೊಂದು ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟಿಕೊಳ್ಳುತ್ತದೆ, ಸವೆಯುವುದು ಅಲ್ಯುಮಿನಿಯಂ. ಸವೆದ ಬಿಳಿ ಪುಡಿ ಥ್ರೆಡ್ಡಿನೊಳಗೆ ಗಟ್ಟಿಯಾಗಿ ಕೂರುತ್ತದೆ. ನಾಲ್ಕು ವರ್ಷ ಬಿಟ್ಟು ಕ್ಲಚ್ ಪ್ಲೇಟ್ ಬದಲಿಸಲು ಬಿಚ್ಚಲು ಹೋದರೆ ಬೋಲ್ಟಿನ ಜೊತೆ ಕೇಸಿನ ಥ್ರೆಡ್ಡೂ ಸ್ಪ್ರಿಂಗಿನ ಸುರುಳಿಯ ಹಾಗೆ ಸುತ್ತಿಕೊಂಡು ಬರುತ್ತದೆ. ಆಮೇಲೆ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಹಾಕಿಸುವ ಖರ್ಚು. ಹಾಕಲೇಬೇಕೆಂದರೆ ಪ್ರತಿ ಬೋಲ್ಟಿನ ಥ್ರೆಡ್ಡಿಗೂ ಆಂಟಿ-ಸೀಜ್ ಗ್ರೀಸ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವುದು) ಸವರಿ. ಅಲೆನ್ ಕೀಯಲ್ಲಿ ಸ್ಕ್ರೂಡ್ರೈವರಿಗಿಂತ ಎಷ್ಟೋ ಹೆಚ್ಚು ಬಲ ಬೀಳುತ್ತದೆ, ಎಂ6 (6 ಮಿ.ಮೀ. ದಪ್ಪದ) ಬೋಲ್ಟಿಗೆ 10 ನ್ಯೂಟನ್ ಮೀಟರ್ ದಾಟಬೇಡಿ. ಆ ಬಲ ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಕೀಯ ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ಬಿಗಿ ಮಾಡಿ, ಪೈಪ್ ಸಿಕ್ಕಿಸಬೇಡಿ. ಹಳೆ ಸ್ಕ್ರೂಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಎಣ್ಣೆ ಹಾಕಿ ಇಡಿ.