ದೂರು ಮುಖ್ಯೋಪಾಧ್ಯಾಯರ ಕೋಣೆಯಲ್ಲೇ ಸಾಯದಿರಲು

ಶಿಕ್ಷಕರಿಂದ ಮಕ್ಕಳ ಮೇಲಾಗುವ ಲೈಂಗಿಕ ದೌರ್ಜನ್ಯ ತಡೆಯಲು ಕೀನ್ಯಾದಲ್ಲಿ ಕಾನೂನಿಗೇನೂ ಕೊರತೆಯಿಲ್ಲ. 2006ರ ಲೈಂಗಿಕ ಅಪರಾಧಗಳ ಕಾಯ್ದೆ 11 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗುವಿನ ಮೇಲಿನ ಅತ್ಯಾಚಾರಕ್ಕೆ ಜೀವಾವಧಿ ಶಿಕ್ಷೆ ವಿಧಿಸುತ್ತದೆ. ಮಗುವಿಗೆ 12ರಿಂದ 15 ವರ್ಷವಾಗಿದ್ದರೆ ಕನಿಷ್ಠ 20 ವರ್ಷ, ಅದಕ್ಕೂ ದೊಡ್ಡ ಅಪ್ರಾಪ್ತರಾಗಿದ್ದರೆ ಕನಿಷ್ಠ 15 ವರ್ಷ ಜೈಲು. ಹುದ್ದೆಯ ಬಲದಿಂದ ವಿದ್ಯಾರ್ಥಿಯನ್ನು ಬಳಸಿಕೊಳ್ಳುವ ಶಿಕ್ಷಕರಿಗೂ 24ನೇ ಸೆಕ್ಷನ್ ಅನ್ವಯಿಸುತ್ತದೆ. ಅಲ್ಲಿನ ಶಿಕ್ಷಕರ ಸೇವಾ ಆಯೋಗ 2010ರಲ್ಲಿ ಹೊರಡಿಸಿದ 3ನೇ ಸುತ್ತೋಲೆಯಂತೆ, ಇಂಥ ಘಟನೆ ಗೊತ್ತಾದ 24 ಗಂಟೆಯೊಳಗೆ ವರದಿ ಮಾಡಲೇಬೇಕು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಸಹೋದ್ಯೋಗಿಯ ಮೇಲೂ ಶಿಸ್ತುಕ್ರಮವಾಗುತ್ತದೆ.

ಇಷ್ಟೆಲ್ಲ ಇದ್ದೂ ಮಕ್ಕಳು ಸೋಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಮುಖ್ಯೋಪಾಧ್ಯಾಯರ ಕೋಣೆಯಲ್ಲಿ. ದೂರು ಬಂದ ಕೂಡಲೇ ಅವರು ತಾವೇ ವಿಚಾರಣೆಗೆ ಕೂರುತ್ತಾರೆ. ಆರೋಪಿಯನ್ನು ಕರೆಸಿ ಕೇಳುತ್ತಾರೆ, ಮಗುವನ್ನು ಅವನೆದುರೇ ನಿಲ್ಲಿಸುತ್ತಾರೆ, ಸಂಜೆಗೆ ತಂದೆಯನ್ನು ಕರೆಸಿ ರಾಜಿಯ ಮಾತೆತ್ತುತ್ತಾರೆ. ಬಡ ಮನೆಗೆ ಒಂದಿಷ್ಟು ದುಡ್ಡು, ಶಿಕ್ಷಕನಿಗೆ ಬೇರೆ ಊರಿಗೆ ವರ್ಗ. ಶಾಲೆಯ ಹೆಸರು ಉಳಿಯಿತು ಎಂದುಕೊಳ್ಳುತ್ತಾರೆ, ಆದರೆ ಮುಂದಿನ ಶಾಲೆಯ ಮಕ್ಕಳಿಗೆ ಅವನು ಯಾರೆಂಬುದೇ ಗೊತ್ತಿರುವುದಿಲ್ಲ.

2015ರಲ್ಲಿ ಕೀನ್ಯಾ ಹೈಕೋರ್ಟಿನ ನ್ಯಾಯಮೂರ್ತಿ ಮುಂಬಿ ಎನ್‌ಗುಗಿ ಕೊಟ್ಟ ತೀರ್ಪು ಚುಚ್ಚಿದ್ದು ಇಲ್ಲಿಗೇ. ಇಬ್ಬರು ಬಾಲಕಿಯರ ಪ್ರಕರಣದಲ್ಲಿ ಶಿಕ್ಷಕನ ಜೊತೆಗೆ ಆಯೋಗ ಮತ್ತು ಸರ್ಕಾರವನ್ನೂ ಹೊಣೆ ಮಾಡಿ ಒಟ್ಟು 50 ಲಕ್ಷ ಶಿಲಿಂಗ್ ಪರಿಹಾರ ವಿಧಿಸಿದರು. ಅಂಥವರನ್ನು ಶಾಲೆಯಿಂದ ಶಾಲೆಗೆ ಸಾಗಹಾಕಿ, ಕೊನೆಗೊಮ್ಮೆ ವಜಾ ಮಾಡಿ ಕೈತೊಳೆದುಕೊಳ್ಳುವುದು ಸಲ್ಲದು ಎಂಬುದು ಅದರ ತಿರುಳು. 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆಯೋಗದ ಹೊಣೆಯನ್ನು ಎತ್ತಿಹಿಡಿಯಿತು.

ಹಾಗಾಗಿ ಶಾಲೆಯಲ್ಲಿ ಮೊದಲು ಬರೆದಿಡಬೇಕಾದ ನಿಯಮ ಇದು: ಮುಖ್ಯೋಪಾಧ್ಯಾಯರು ತನಿಖೆ ಮಾಡುವಂತಿಲ್ಲ, ತಲುಪಿಸಬೇಕಾದಲ್ಲಿಗೆ ದೂರು ತಲುಪಿಸಬೇಕು ಅಷ್ಟೆ. ಮಗು ಯಾರ ಹತ್ತಿರ ಹೇಳಿಕೊಂಡಿತೋ ಅವರು ಅಂದೇ ಬರೆದಿಡಬೇಕು. ಬರಹ ಹೇಗಿರಬೇಕೆಂದರೆ: ‘ಮಂಗಳವಾರ ಬೆಳಿಗ್ಗೆ 10:20, ನೀರಿನ ಟ್ಯಾಂಕಿನ ಹತ್ತಿರ. ಅವಳೇ ಬಂದು ಹೇಳಿದಳು. ಅವಳ ಮಾತು ಹೀಗಿತ್ತು...’ ಮುಂದೆ ಮಗುವಿನ ಮಾತು, ಸ್ವಾಹಿಲಿಯೋ ಕಿಕುಯುವೋ ಆಡಿದ ಭಾಷೆಯಲ್ಲೇ, ತಿದ್ದದೆ. ಕೆಳಗೆ ಸಹಿ, ಸಮಯ. ‘ಅವಳು ಹೆದರಿದ್ದಂತೆ ಕಂಡಿತು, ಬಹುಶಃ ನಿಜವಿರಬೇಕು’ ಎಂಬಂಥ ಅಭಿಪ್ರಾಯ ಸೇರಿಸಬಾರದು. ಕೈ ನಡುಗುತ್ತಿತ್ತು ಎಂದು ಕಂಡದ್ದನ್ನು ಬರೆಯಬಹುದು. ಕೇಳುವುದಾದರೆ ‘ಆಮೇಲೆ ಏನಾಯ್ತು?’ ಎಂದಷ್ಟೇ ಕೇಳಿ. ‘ಅವರು ಇಲ್ಲಿ ಮುಟ್ಟಿದ್ರಾ?’ ಎಂದು ಕೇಳಿದರೆ ಉತ್ತರವನ್ನು ನೀವೇ ಮಗುವಿನ ಬಾಯಿಗೆ ಹಾಕಿದಂತೆ. ನಾಲ್ಕು ಜನ ನಾಲ್ಕು ಸಲ ಕೇಳಿದಾಗ ಹೇಳಿಕೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬಂದೇ ಬರುತ್ತದೆ, ಪಾಟೀಸವಾಲಿನಲ್ಲಿ ವಕೀಲರು ಮೊದಲು ಹಿಡಿಯುವುದು ಅದನ್ನೇ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದ ಮಾತು ಅದು. ಯಾರಿಗೆ ಹೇಳಬೇಕಾಗುತ್ತದೆ, ಏಕೆ ಎಂಬುದನ್ನು ಸರಳವಾಗಿ ತಿಳಿಸಿ.

ಆಸ್ಪತ್ರೆಯ ವಿಷಯದಲ್ಲಿ ಪೊಲೀಸರಿಗಾಗಿ ಕಾಯುತ್ತ ಕೂರುವುದು ದೊಡ್ಡ ತಪ್ಪು. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಅದನ್ನು 28 ದಿನ ಬಿಡದೆ ತೆಗೆದುಕೊಳ್ಳಬೇಕು. ವಾಕರಿಕೆಗೆ ಹೆದರಿ ಒಂದೇ ವಾರಕ್ಕೆ ನಿಲ್ಲಿಸುವವರಿದ್ದಾರೆ, ಆದ್ದರಿಂದ ದಿನವೂ ವಿಚಾರಿಸುವ ಒಬ್ಬರು ಬೇಕು. ತುರ್ತು ಗರ್ಭನಿರೋಧಕಕ್ಕೆ 120 ಗಂಟೆಯವರೆಗೆ ಅವಕಾಶವಿದೆ. ಪರೀಕ್ಷೆಗೆ ಮುಂಚೆ ಸ್ನಾನ ಮಾಡಿಸಬಾರದು, ಬಟ್ಟೆ ಒಗೆಯಬಾರದು. ಬಟ್ಟೆಯನ್ನು ಕಾಗದದ ಚೀಲದಲ್ಲಿ ಹಾಕಿಡಬೇಕು, ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಉಳಿದು ಸಾಕ್ಷ್ಯ ಕೊಳೆಯುತ್ತದೆ. ಆಸ್ಪತ್ರೆಯಲ್ಲಿ ತುಂಬುವ ಅತ್ಯಾಚಾರೋತ್ತರ ಆರೈಕೆಯ ನಮೂನೆ ಬೇರೆ, ವೈದ್ಯರು ಗಾಯಗಳ ವರದಿ ತುಂಬಲೆಂದು ಪೊಲೀಸರು ಕೊಡುವ ಪಿ3 ನಮೂನೆ ಬೇರೆ, ಎರಡೂ ಬೇಕು. ಠಾಣೆಯಲ್ಲಿ ದೂರು ಬರೆಸಿದ ಮೇಲೆ ಓಬಿ ನಂಬರ್ (ಠಾಣೆಯ ಘಟನಾ ದಾಖಲೆ ಪುಸ್ತಕದಲ್ಲಿನ ದೂರಿನ ಸಂಖ್ಯೆ) ಪಡೆಯದೆ ಹೊರಗೆ ಬರಬೇಡಿ. ಅದಿಲ್ಲದಿದ್ದರೆ ನಾಳೆ ‘ದೂರೇ ಬಂದಿಲ್ಲ’ ಎನ್ನುವುದು ಸುಲಭ.

ಮಗುವಿನ ವಯಸ್ಸನ್ನು ಎಷ್ಟೋ ಕಡೆ ಮರೆತೇಬಿಡುತ್ತಾರೆ. ಅಪ್ರಾಪ್ತರ ಮೇಲಿನ ಅತ್ಯಾಚಾರದಲ್ಲಿ ಕೀನ್ಯಾದ ನ್ಯಾಯಾಲಯಗಳು ಮೂರು ಸಂಗತಿ ಸಾಬೀತಾಗಬೇಕೆನ್ನುತ್ತವೆ: ವಯಸ್ಸು, ಕೃತ್ಯ, ಆರೋಪಿ ಇವನೇ ಎಂಬ ಗುರುತು. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಲಸಿಕೆಯ ಕಾರ್ಡನ್ನೋ ಶಾಲಾ ದಾಖಲಾತಿ ಪುಸ್ತಕವನ್ನೋ ಮೊದಲ ವಾರದಲ್ಲೇ ಹುಡುಕಿಡಿ. ಏನೂ ಸಿಗದಿದ್ದರೆ ಹಲ್ಲು ನೋಡಿ ವಯಸ್ಸು ಅಂದಾಜಿಸುವ ವೈದ್ಯಕೀಯ ವರದಿ ಕೇಳಿ. ಇನ್ನು, ನೋಡಿದ ಸಾಕ್ಷಿಯಿಲ್ಲ ಎಂದು ಧೈರ್ಯಗೆಡಬೇಕಿಲ್ಲ. ಮಗು ನಿಜ ಹೇಳುತ್ತಿದೆ ಎಂದು ನಂಬಿದರೆ ನ್ಯಾಯಾಧೀಶರು ಕಾರಣ ಬರೆದು ಅದೊಂದೇ ಸಾಕ್ಷ್ಯದ ಮೇಲೆ ಶಿಕ್ಷೆ ಕೊಡಬಹುದು, ಸಾಕ್ಷ್ಯ ಕಾಯ್ದೆಯ 124ನೇ ಸೆಕ್ಷನ್ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಮನೆಯವರು ರಾಜಿಯಾದರೆಂದು ಪೊಲೀಸರು ಕೇಸು ಮುಚ್ಚುವಂತೆಯೂ ಇಲ್ಲ.

ತಡೆಗಟ್ಟುವ ಕೆಲಸ ನಿಂತಿರುವುದು ಸಣ್ಣ ಸಣ್ಣ ವ್ಯವಸ್ಥೆಗಳ ಮೇಲೆ. ಶಿಕ್ಷಕರ ಮನೆಗೆ ನೀರು ಹೊರುವುದು, ಪಾತ್ರೆ ತೊಳೆಯುವುದು, ನೋಟ್‌ಬುಕ್ ಮುಟ್ಟಿಸುವುದು, ಇವೆಲ್ಲ ಪೂರ್ತಿ ನಿಲ್ಲಬೇಕು. ಶಾಲೆಯ ಆವರಣದಲ್ಲೇ ಶಿಕ್ಷಕರ ಮನೆಗಳಿರುವ ಹಳ್ಳಿಗಳಲ್ಲಿ ಇದನ್ನು ಸಂಪ್ರದಾಯವೆಂದು ಸಮರ್ಥಿಸುವವರುಂಟು, ಒಪ್ಪಬೇಡಿ. ಒಬ್ಬರಿಗೇ ಪಾಠ ಹೇಳುವುದಾದರೆ ಬಾಗಿಲು ತೆರೆದ ತರಗತಿಯಲ್ಲೇ ಆಗಲಿ. ಹಾಸ್ಟೆಲಿನ ರಾತ್ರಿ ಓದಿನ ಹೊತ್ತಿಗೆ ಇಬ್ಬರು ಮೇಲ್ವಿಚಾರಕರಿರಲಿ. ಅಂಕ ಕೊಡುವ ಅಧಿಕಾರ ಒಬ್ಬರದೇ ಆದಲ್ಲಿ ಬೆದರಿಕೆಗೂ ಅದೇ ಅಸ್ತ್ರ, ಆದ್ದರಿಂದ ಉತ್ತರಪತ್ರಿಕೆಯನ್ನು ಎರಡನೆಯವರೂ ನೋಡಬೇಕು.

ನೇಮಕದಲ್ಲಿ ದೊಡ್ಡ ಕಿಂಡಿಯೊಂದಿದೆ. ಆಯೋಗದ ಸಂಬಳದ ಶಿಕ್ಷಕರ ಜೊತೆಗೆ ಶಾಲಾ ಆಡಳಿತ ಮಂಡಳಿ ತಾನೇ ನೇಮಿಸಿಕೊಳ್ಳುವವರೂ ಇರುತ್ತಾರೆ. ವಿಚಾರಣೆ ಮುಗಿಯುವ ಮುನ್ನ ರಾಜೀನಾಮೆ ಕೊಟ್ಟವನು ಹೀಗೆಯೇ ಇನ್ನೊಂದು ಶಾಲೆಗೆ ನುಸುಳಬಹುದು. ಆಯೋಗದ ನೋಂದಣಿ ಸಂಖ್ಯೆಯನ್ನು ತಾಳೆ ನೋಡಿ, ಅಪರಾಧ ತನಿಖಾ ನಿರ್ದೇಶನಾಲಯದ ಸನ್ನಡತೆ ಪ್ರಮಾಣಪತ್ರ ಕೇಳಿ, ಹಿಂದಿನ ಶಾಲೆಗೆ ಫೋನ್ ಮಾಡಿ ‘ಮಕ್ಕಳ ವಿಷಯದಲ್ಲಿ ದೂರು ಇತ್ತೇ?’ ಎಂದು ನೇರವಾಗಿ ವಿಚಾರಿಸಿ. ಕಾವಲುಗಾರ, ಚಾಲಕರಿಗೂ ಇದೇ ಕ್ರಮವಿರಲಿ. ಮಕ್ಕಳ ಸಹಾಯವಾಣಿ 116 ಎಂಬುದನ್ನು ಶೌಚಾಲಯದ ಬಾಗಿಲ ಒಳಬದಿಯಲ್ಲಿ ಬರೆಸಿ, ಅಲ್ಲಾದರೆ ಯಾರ ಕಣ್ಣಿಗೂ ಬೀಳದೆ ಓದಿಕೊಳ್ಳಬಹುದು.

ಪ್ರಕರಣ ಕೋರ್ಟಿಗೆ ಹೋದ ಮೇಲೆ ಮುಂದೂಡಿಕೆಗಳಲ್ಲಿ ಕುಟುಂಬ ಸೋತುಹೋಗುತ್ತದೆ. ಬಸ್ ಖರ್ಚಿಗೆ ಹಣ ಮೀಸಲಿಡಿ, ಪ್ರತಿ ಸಲವೂ ಮಗುವಿನ ಜೊತೆ ಹೋಗುವ ಒಬ್ಬರನ್ನು ಗೊತ್ತುಮಾಡಿ. ಪರೀಕ್ಷೆಯ ವೇಳಾಪಟ್ಟಿಯ ಪ್ರತಿಯನ್ನು ಮೊದಲೇ ಸರ್ಕಾರಿ ವಕೀಲರಿಗೆ ಕೊಟ್ಟು, ಆ ದಿನಗಳಲ್ಲಿ ಸಾಕ್ಷ್ಯಕ್ಕೆ ಕರೆಯದಂತೆ ಲಿಖಿತವಾಗಿ ಕೋರಿ.